ಸಿಂಹದ ಕಾಲಡಿಯ ಮುಖ

ನರಗುಂದದ ಕೋಟೆ ಬಿದ್ದದ್ದು ಸಾವಿರದ ಎಂಟುನೂರ ಐವತ್ತೆಂಟರ ಬೇಸಿಗೆಯ ಕೊನೆಗೆ. ಇದು ನನ್ನ ನೆನಪಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ನೆನಪಿನಲ್ಲಿ ಆ ದಿನಗಳಲ್ಲೆಲ್ಲ ನಮ್ಮೂರು ಗಜೇಂದ್ರಗಡದ ಮೇಲೆ ಮಳೆ ಸುರಿಯುತ್ತಿದೆ. ಆ ಮಳೆಯನ್ನು ನಾನು ನಂಬುವುದಿಲ್ಲ. ಸಾಕ್ಷಿ ಹೇಳುವವನು ಎಲ್ಲಿ ನಿಂತಿದ್ದ ಎಂದು ಮೊದಲು ಕೇಳಬೇಕೆಂದು ಮುಂಬಯಿಯ ಕಾಲೇಜಿನಲ್ಲಿ ನನಗೆ ಕಲಿಸಿದರು. ನಾನು ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಧಾರವಾಡದ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತು ಊರಿಗೆ ಬಂದಿದ್ದೆ, ಮೀಸೆ ಇನ್ನೂ ಮೂಡಿರಲಿಲ್ಲ.

ನನ್ನ ಕಾಕಾ ನರಗುಂದದ ಸಂಸ್ಥಾನದಲ್ಲಿ ಕಾರಕೂನರಾಗಿದ್ದರು. ಕೋಟೆ ಬಿದ್ದ ಮೇಲೆ ಅವರು ಮನೆಗೆ ಬರಲಿಲ್ಲ. ಕೊಣ್ಣೂರಿನ ಹತ್ತಿರ ಮಲಪ್ರಭೆ ದಾಟುವುದನ್ನು ಕಂಡೆ ಎಂದು ಒಬ್ಬರು ಹೇಳಿದರು. ಪೇಟೆಯ ಬೀದಿಯಲ್ಲಿ ಹೆಣವನ್ನೇ ಕಂಡೆ ಎಂದು ಇನ್ನೊಬ್ಬರು. ಕೈದಿಗಳನ್ನು ಹಡಗಿನಲ್ಲಿ ಕರಿನೀರಿಗೆ ಒಯ್ದರು ಎಂಬ ಮಾತೂ ಇತ್ತು. ಒಂದು ಮರಾಠಿ ವೃತ್ತಪತ್ರ ಕೈಯಿಂದ ಕೈಗೆ ದಾಟಿ, ಮಡಿಕೆಯಲ್ಲೆಲ್ಲ ಹರಿದು ನಮ್ಮೂರಿಗೆ ಬಂತು. ಯಾವುದೋ ದೂರದ ಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿದ್ದ ವೃತ್ತಾಂತ ಅದರಲ್ಲಿ ಉದ್ದಕ್ಕೆ ಇತ್ತು. ನರಗುಂದಕ್ಕೆ ಕೆಲವೇ ಸಾಲು. ಸತ್ತವರು ಬಂಡುಕೋರರು ಎಂದಿತ್ತು, ಯಾರು ಯಾರು ಎಂದಿರಲಿಲ್ಲ.

ಮನೆಯ ಹಿರಿಯರು ನನ್ನ ದೊಡ್ಡಪ್ಪ. ರೋಣದ ಕಡೆಯಿಂದ ಸರಕಾರದ ಸಿಪಾಯಿಗಳು ಬಂದು, ತಮ್ಮನನ್ನು ಎಲ್ಲಿ ಅಡಗಿಸಿದ್ದೀ ಎಂದು ಅವರನ್ನು ಗದರಿಸಿ ಹೋಗುತ್ತಿದ್ದರು. ಒಮ್ಮೆ ನೆಲದಡಿಯ ಹಗೇವಿನ ಜೋಳವನ್ನೆಲ್ಲ ಹೊರಗೆ ಸುರಿಸಿ ನೋಡಿದರು. ತಮ್ಮ ಸತ್ತನೆಂದು ಕರ್ಮ ಮಾಡಿ ಮುಗಿಸಿದರೆ ಸತ್ತವನನ್ನು ಯಾರೂ ಹುಡುಕಲಾರರು ಎಂಬುದು ದೊಡ್ಡಪ್ಪನ ಲೆಕ್ಕ. ಆದರೆ ಸಾವಿನ ಸುದ್ದಿ ಬಾರದೆ ಕರ್ಮ ಮಾಡುವಂತಿಲ್ಲ. ಸುದ್ದಿಯೇ ಇಲ್ಲದವನಿಗಾಗಿ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ಮುತ್ತಲ ಎಲೆಯ ಗೊಂಬೆ ಮಾಡಿ ಸುಡಬೇಕು. ಅಲ್ಲಿಯ ತನಕ ಅವನ ಹೆಂಡತಿ ಮುತ್ತೈದೆ. ಆ ಹೆಂಡತಿ ನಮ್ಮ ಕಾಕು. ಸುದ್ದಿ ಬಂದರೆ ಅವಳ ಬಳೆ ಒಡೆದು ತಲೆ ಬೋಳಿಸುತ್ತಿದ್ದರು. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಆಗ ಬಳೆಗಾರ ಚಾಚಾ ಬಂದ. ಬೆಳಗಾವಿಯ ದಂಡಿನಲ್ಲಿ ಸಾಹೇಬರು ಓದಿ ಒಗೆದ ಕಾಗದಗಳನ್ನು ಅವನು ಬಳೆಗಳಿಗೆ ಸುತ್ತಿ ತರುತ್ತಿದ್ದ. ಅವ್ವ ಒಂದು ಸುತ್ತು ಬಿಚ್ಚಿದಾಗ ಹಾಳೆಯ ಮೇಲೊಂದು ಚಿತ್ರ ಕಂಡಿತು. ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ. ಅವನ ಎದೆಯ ಮೇಲೆ ಸಿಂಹ ಕಾಲು ಊರಿ ನಿಂತಿದೆ. ಅವನಿಗೆ ದೊಡ್ಡ ರುಮಾಲು, ಗಿಳಿಮೂಗು, ಬರಿಮೈ. ಕಣ್ಣು ತೆರೆದಿವೆ.

ನಮ್ಮ ಮನೆಯಲ್ಲಿ ಯಾರೂ ದೇವರ ಚಿತ್ರ ಬಿಟ್ಟು ಬೇರೆ ಚಿತ್ರ ನೋಡಿದವರಲ್ಲ. ಒಂದು ನಾಡನ್ನೇ ಒಬ್ಬ ಮನುಷ್ಯನಂತೆ ಬರೆದು, ಅದನ್ನು ನೋಡಿ ಬೇರೆಯವರು ನಗುವುದುಂಟು ಎಂದು ನಮಗೆ ಗೊತ್ತಿರಲಿಲ್ಲ. ವೃತ್ತಪತ್ರದಲ್ಲಿದೆ ಎಂದರೆ ಅದು ನಡೆದದ್ದು, ಯಾರೋ ಪಕ್ಕದಲ್ಲಿ ನಿಂತು ನೋಡಿ ಬರೆದದ್ದು.

“ಅಕ್ಕಾ, ಇವ್ರು!” ಎಂದು ಕಾಕು ಅವ್ವನ ತೋಳು ಹಿಡಿದಳು. “ರುಮಾಲ ನೋಡ್ರಿ, ಮೂಗ ನೋಡ್ರಿ. ಕಣ್ಣ ತಗದಾರ. ಜೀವಂತ ಇದ್ದಾರ!”

“ಹಂಗಾರ ಸಿಂಹ ಯಾರ್ರಿ ತಂಗಿ, ನಿಮ್ಮ ಬೀಗರೇನು?” ಎಂದ ಚಾಚಾ. “ರದ್ದಿ ಐತ್ರಿ ಅದು.”

“ನೀ ಸುಮ್ಮನಿರು ಚಾಚಾ,” ಎಂದಳು ಅವ್ವ.

ಗದ್ದಲ ಕೇಳಿ ದೊಡ್ಡಪ್ಪ ಬಂದರು. ಕಾಕು ಬಾಗಿಲ ಹಿಂದೆ ಸರಿದಳು. ಗಂಡನ ಅಣ್ಣನ ಎದುರು ಅವಳು ಮಾತಾಡುವಂತಿರಲಿಲ್ಲ. ಬಹಳ ವರ್ಷಗಳ ಸೊಸೆಯಾದ ಅವ್ವನಿಗೆ ಆ ಕಟ್ಟು ಸಡಿಲವಾಗಿತ್ತು. ದೊಡ್ಡಪ್ಪ ಹಾಳೆಯನ್ನು ನನ್ನ ಕೈಗೆ ಕೊಟ್ಟರು.

“ಕೆಳಗ ಏನ ಬರದಾರ, ಓದು.”

ಅಕ್ಷರ ಕೂಡಿಸಿದೆ, ಅರ್ಥ ಕೂಡಲಿಲ್ಲ. “ತಿಳೀವಲ್ದು ದೊಡ್ಡಪ್ಪ.”

“ಮತ್ತ ಧಾರವಾಡದಾಗ ಏನ್ ಮಾಡ್ತಿ, ಪೇಢೆ ತಿಂತೀ ಏನು?” ಆಮೇಲೆ ಬಾಗಿಲ ಕಡೆ ನೋಡದೆ ಅವ್ವನನ್ನು ಕೇಳಿದರು: “ಅಕಿ ಗುರ್ತ ಹಿಡದಾಳೇನು?”

“ಹೌದಂತ್ರಿ.”

“ಆತಲ್ಲ ಮತ್ತ. ಸಿಂಹದ ಕಾಲಾಗ ಬಿದ್ದಾಂವ ಎದ್ದು ಮನೀಗೆ ಬರ್ತಾನೇನು? ಸುದ್ದಿ ಬಂತು. ಎಲ್ಲಾರೂ ಸ್ನಾನಕ್ಕ ಏಳ್ರಿ.”

“ಕಣ್ಣ ತಗದಾವಲ್ರಿ,” ಎಂದಳು ಅವ್ವ.

“ಹೆಣದ ಕಣ್ಣೂ ತಗದಿರ್ತಾವ. ಯಾರರೆ ಮುಚ್ಚಬೇಕು.”

ಚಾಚಾ ಬಳೆಗಳನ್ನು ಮೆಲ್ಲನೆ ಮತ್ತೆ ಬುಟ್ಟಿಗೆ ಇಡತೊಡಗಿದ. ಆಗ ಬಾಗಿಲ ಹಿಂದಿನಿಂದ ಕಾಕು ಹೇಳಿದಳು. ಅವ್ವನಿಗೆ ಹೇಳಿದಳು, ಎಲ್ಲರಿಗೂ ಕೇಳಿಸಿತು.

“ಅಕ್ಕಾ, ಭಾವನೋರಿಗೆ ಹೇಳ್ರಿ. ಈ ಮನಷ್ಯಾಗ ಜನಿವಾರ ಇಲ್ಲ.”

“ಹಿಡದವ್ರು ಹರದಿರ್ತಾರ,” ಎಂದರು ದೊಡ್ಡಪ್ಪ.

“ನಾ ಅವಸರದಾಗ ನೋಡಿದ್ದೆ ಅಂತ ಹೇಳ್ರಿ. ಈಗ ನೋಡಿದೆ. ಇವ್ರು ಅವ್ರಲ್ಲ. ಯಾರೋ ಬ್ಯಾರೆ.”

“ಈಗಿಂದೀಗ ಹೌದಂದ್ಲು, ಈಗಿಂದೀಗ ಅಲ್ಲಂತಾಳ!”

ಅವ್ವ ತಲೆ ಎತ್ತಿದಳು. “ನಿಮ್ಮ ಒಡಹುಟ್ಟಿದಾಂವ್ರಿ. ನೀವ ಗುರ್ತ ಹಿಡೀರಿ. ಒಳಗ ದೇವರ ಮುಂದ ನಿಂತು ಹೌದು ಅನ್ರಿ, ನಾ ನೀರ ಕಾಸ್ತೇನಿ.”

ದೊಡ್ಡಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದೇವರ ಕೋಣೆಯ ಕಡೆ ಹೋಗಲಿಲ್ಲ. “ಒಯ್ಯಿ ನಿನ್ನ ರದ್ದಿ,” ಎಂದು ಅದನ್ನು ಚಾಚಾನ ಬುಟ್ಟಿಗೆ ಒಗೆದು ಹೊರಗೆ ಹೋದರು. ಕಾಕು ಬಂದು ಕೂತು ಎರಡೂ ಕೈ ಚಾಚಿದಳು. “ನಡಗಬ್ಯಾಡ್ರಿ ತಂಗಿ, ಬಳಿ ಒಡೀತಾವ,” ಎಂದು ಚಾಚಾ ಮತ್ತೆ ಮತ್ತೆ ಹೇಳುತ್ತಿದ್ದ.

ಕಾಲೇಜಿನ ಪುಸ್ತಕಾಲಯದಲ್ಲಿ ಆ ಕಾಲದ ಇಂಗ್ಲಿಷ್ ಚಿತ್ರಪತ್ರಿಕೆಗಳ ಹಳೆಯ ಸಂಪುಟಗಳು ನನಗೆ ಸಿಕ್ಕವು. ಆ ರುಮಾಲು, ಆ ಮೂಗು ಪುಟಪುಟದಲ್ಲೂ ಇದ್ದವು: ಒಮ್ಮೆ ದಿಲ್ಲಿ, ಒಮ್ಮೆ ಅವಧ, ಒಮ್ಮೆ ಇಡೀ ಹಿಂದುಸ್ತಾನ. ನಮ್ಮ ಮನೆಗೆ ಬಂದ ಚಿತ್ರ ಮಾತ್ರ ಸಿಗಲಿಲ್ಲ. ಇಂಗ್ಲಿಷರ ಗುರುತಾದ ಸಿಂಹ ಒಂದರಲ್ಲಿತ್ತು, ಬಿದ್ದ ಮನುಷ್ಯ ಇನ್ನೊಂದರಲ್ಲಿ. ಎರಡನ್ನೂ ಒಂದೇ ಹಾಳೆಗೆ ತಂದದ್ದು ಚಿತ್ರಕಾರನೋ ನನ್ನ ನೆನಪೋ ತಿಳಿಯದು. ಚಿತ್ರದವನು ಅಂಗಿ ತೊಟ್ಟಿದ್ದ ಎಂದು ಅವ್ವ ಈಗಲೂ ಹೇಳುತ್ತಾಳೆ. ಅಂಗಿ ಇದ್ದರೆ ಜನಿವಾರದ ಮಾತು ಹೇಗೆ ಬಂತು ಎಂದರೆ “ಅಂಗಿ ಇತ್ತು” ಎಂದೇ ಮತ್ತೆ ಹೇಳುತ್ತಾಳೆ.

ಕಾಕಾ ಬರಲಿಲ್ಲ. ಹನ್ನೆರಡು ವರ್ಷ ತುಂಬಿದಾಗ ಮುತ್ತಲ ಎಲೆ ತಂದರು. ನಾನು ಮುಂಬಯಿಯಿಂದ ಬಂದೆ. ಮುದುಕರಾಗಿದ್ದ ದೊಡ್ಡಪ್ಪ ಅಂಗಳದಲ್ಲಿ ಎಲೆ ಜೋಡಿಸಿ ಕೈಕಾಲು ಕಟ್ಟಿಸುತ್ತಿದ್ದರು. ಕಾಕು ಒಳಕೋಣೆಯಲ್ಲಿ ಅವ್ವನ ಜೊತೆ ಕೂತಿದ್ದಳು. ಬಳೆಗಾಗಿ ಗಂಡನನ್ನೇ ಅಲ್ಲವೆಂದೆ ಎಂದು ಅವಳು ಇಷ್ಟು ವರ್ಷ ಕೊರಗಿದ್ದು ನನಗೆ ಗೊತ್ತಿತ್ತು. ಸಮಾಧಾನವಾಗಲಿ ಎಂದು ಪುಸ್ತಕಾಲಯದಲ್ಲಿ ಕಂಡದ್ದನ್ನೆಲ್ಲ ಹೇಳಿದೆ.

“ಖರೇನ? ಅವ್ರಲ್ಲ?”

“ಖರೇ, ಕಾಕು. ಅದು ಯಾರೂ ಅಲ್ಲ. ನೀ ಸುಳ್ಳ ಹೇಳಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು.

“ಹಂಗಾರ ಅವತ್ತು ಅವ್ರು ಎಲ್ಲಿದ್ರಪಾ?”

ಈ ಮಾತು ಅವ್ವನಿಗೂ ಹೀಗೆಯೇ ನೆನಪಿದೆ. ಗೊಂಬೆ ಎತ್ತಲು ಗಂಡಸರು ಬೇಕೆಂದು ದೊಡ್ಡಪ್ಪ ಅಂಗಳದಿಂದ ಕರೆದರು. ನಾನು ಎದ್ದು ಹೋದೆ.