ಡ್ರಮ್ಮಿಗೆ ತವರುಮನೆಯ ತಟ್ಟೆ

ನಮ್ಮ ದೊಡ್ಡಪ್ಪನಿಗೆ ಒಡೆಯುವ ವಸ್ತುಗಳೆಂದರೆ ಆಗುವುದಿಲ್ಲ. ಗಾಜಿನ ಲೋಟದಲ್ಲಿ ಕಾಫಿ ಕೊಟ್ಟರೆ ಕೊಟ್ಟವರನ್ನೇ ಅನುಮಾನದಿಂದ ನೋಡುತ್ತಾರೆ. ಅಂಥವರ ಪಾಲಿಗೆ ಒಡೆಯುವುದಕ್ಕೆಂದೇ ಮಾಡಿದ ಬಿಲ್ಲೆಯೊಂದು ಬಂದು ಬಿದ್ದಿತು.

ಕೊಳ್ಳೇಗಾಲದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲನ್ನು ಹುರಿ ಮಾಡುತ್ತಾರೆ. ಹಾಗೇ ಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತದೆಂದು ನೂಲನ್ನು ಕಬ್ಬಿಣದ ಡ್ರಮ್ಮಿನಲ್ಲಿಟ್ಟು, ಬಾಯಿ ಬಿಗಿದು, ಕೆಳಗೆ ಒಲೆ ಹಚ್ಚಿ ಹಬೆ ಕೊಡುತ್ತಾರೆ. ಒತ್ತಡ ಹೆಚ್ಚಾದರೆ ಹಬೆ ಬಿಡಲು ಸೇಫ್ಟಿ ವಾಲ್ವ್ ಇತ್ತು. ರೇಷ್ಮೆಯ ಅಂಟು ಕೂತು ಅದು ಆಗಾಗ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಹನೂರಿನ ಮೆಕ್ಯಾನಿಕ್ ಡ್ರಮ್ಮಿನ ನೆತ್ತಿಗೆ ತೆಳು ಲೋಹದ ಬಿಲ್ಲೆ, ಅಂದರೆ ಡಿಸ್ಕ್ ಒಂದನ್ನು ಕೂರಿಸಿ, ಅಲ್ಲಿಂದ ಸೂರಿನಾಚೆಗೆ ಪೈಪ್ ಎಳೆದಿದ್ದ. ಒತ್ತಡ ಮಿತಿ ಮೀರಿದರೆ ಮೊದಲು ಡಿಸ್ಕ್ ಹರಿಯುತ್ತದೆ, ಹಬೆ ಮೇಲೆ ಹೋಗುತ್ತದೆ, ಡ್ರಮ್ಮು ಉಳಿಯುತ್ತದೆ, ಪಕ್ಕದಲ್ಲಿ ನಿಂತವರೂ ಉಳಿಯುತ್ತಾರೆ. ದಿನಾ ಪಕ್ಕದಲ್ಲಿ ನಿಲ್ಲುವವರು ನಮ್ಮ ದೊಡ್ಡಮ್ಮ.

ಮದುವೆಗಳ ಕಾಲ, ಸೀರೆಗೆ ಅವಸರ. ದೊಡ್ಡಪ್ಪ ಒಲೆಗೆ ಸೌದೆ ತುರುಕಿದರು. ಡಿಸ್ಕ್ ಢಮ್ಮೆಂದು ಹರಿಯಿತು. ಹಬೆಯೆಲ್ಲ ಪೈಪು ಹಿಡಿದು ಹೋಯಿತು, ಯಾರಿಗೂ ಏನೂ ಆಗಲಿಲ್ಲ. ದೊಡ್ಡಪ್ಪನಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು?

"ಕಳಪೆ ಮಾಲು ಕಣ್ಲಾ ಇದು! ಒಂದ್ ವರ್ಸಾನೂ ಬಾಳ್ನಿಲ್ಲ" ಎಂದು ಫೋನಿನಲ್ಲಿ ಮೆಕ್ಯಾನಿಕ್ಕನ ಮೇಲೆ ಹಾರಾಡಿದರು.

"ಒಡ್ಯೋದೇ ಅದ್ರ ಕೆಲ್ಸ ಸಾ. ಒಸದು ತರಿಸ್ತೀನಿ, ಅಲ್ಲೀಗಂಟ ಒಲೆ ಅಚ್ಬೇಡಿ" ಎಂದ ಅವನು.

ಒಡೆಯುವುದೂ ಒಂದು ಕೆಲಸವಂತೆ ಎಂದು ದೊಡ್ಡಪ್ಪ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ಆಮೇಲೆ ಅಟ್ಟ ಹತ್ತಿದರು.

ಇಳಿದಾಗ ಕೈಯಲ್ಲಿ ಹಿತ್ತಾಳೆ ತಟ್ಟೆಯಿತ್ತು. ಯಳಂದೂರು ಕಡೆಯ ಅಗರದಿಂದ ದೊಡ್ಡಮ್ಮನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅಂಚಿನಲ್ಲಿ ಅವರಪ್ಪನ ಹೆಸರು ಕೊರೆಸಿದ್ದರು. ಎತ್ತಿ ಹಾಕಿದರೆ ನೆಲವೇ ಒಡೆಯಬೇಕು, ಅಷ್ಟು ದಪ್ಪ. ಅದನ್ನು ಡಿಸ್ಕಿನ ಅಳತೆಗೆ ದುಂಡಗೆ ಕತ್ತರಿಸಿ ತಂದು ಬೋಲ್ಟ್ ಬಿಗಿದರು. ಅರಿಶಿನ ಕುಂಕುಮವನ್ನೂ ಹಚ್ಚಿದರು. ಸುರಕ್ಷತೆಯ ವಿಷಯದಲ್ಲಿ ಅವರು ಯಾವುದಕ್ಕೂ ಕಡಿಮೆ ಮಾಡುವವರಲ್ಲ.

"ಈಗ ಒಡೀಲಿ ನೋಡವಾ. ನಿಮ್ಮಪ್ಪನ್ ಮನೆ ತಟ್ಟೆ ಕಣೇ!" ಎಂದರು ದೊಡ್ಡಮ್ಮನಿಗೆ.

ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ತವರನ್ನು ಅವರು ಹೊಗಳಿದ್ದು ಅದೇ ಮೊದಲು. ನಾನು ಇಕ್ಕಟ್ಟಿಗೆ ಸಿಕ್ಕಿದೆ. ತಟ್ಟೆ ಒಡೆಯುತ್ತದೆ ಅಂದರೆ ದೊಡ್ಡಮ್ಮನ ತವರಿಗೆ ಅವಮಾನ; ಒಡೆಯದಿದ್ದರೆ ದೊಡ್ಡಮ್ಮನ ಪ್ರಾಣಕ್ಕೇ ಸಂಚಕಾರ. ಒಲೆ ಹಚ್ಚಬೇಡಿ ಎಂದು ನಾನು ಬಾಯಿ ಹಾಕಿದ್ದಕ್ಕೆ, "ಓದ್ದೋಳು ನೀನು, ಸುಮ್ಕಿರು" ಎಂದರು. ಓದು ಅಂಟುರೋಗವೇನೋ ಎಂಬಂತೆ ಒಂದು ಹೆಜ್ಜೆ ದೂರವೇ ನಿಂತು ಹೇಳಿದರು.

ಒಲೆ ಹೊತ್ತಿತು. ದೊಡ್ಡಮ್ಮ ಒಳಗೆ ಹೋದವರು ಮಣೆ, ಮುದ್ದೆ, ಉಪ್ಸಾರು ಹಿಡಿದು ಬಂದರು. ತಾವು ದಿನಾ ನಿಲ್ಲುವ ಜಾಗದಲ್ಲೇ ಮಣೆ ಹಾಕಿದರು.

"ಬನ್ನಿ, ಇಲ್ಲೇ ಉಣ್ಣಿ."

"ಇಲ್ಯಾಕೆ?"

"ನಮ್ಮಪ್ಪನ್ ಮನೆ ತಟ್ಟೆ ಒಡೆಯಾಕಿಲ್ಲ, ನಂಗೊತ್ತು. ಅದು ಒಡೀದೆ ಓದ್ರೆ ನಿಮ್ ಡ್ರಮ್ಮೇ ಒಡೀಬೇಕು. ದಿನಾ ನಾನ್ ಇಲ್ಲೇ ನಿಂತ್ಕತೀನಿ. ಇವತ್ತು ನೀವು ಕೂತ್ಕಳಿ."

ನಾನು ನೋಡುತ್ತಿದ್ದೆನಲ್ಲ, ಮಾನ ಬಿಟ್ಟು ಹಿಂದೆ ಸರಿಯುವಂತಿಲ್ಲ, ದೊಡ್ಡಪ್ಪ ಕೂತರು. ಮುದ್ದೆ ಮುರಿದರು. ಡ್ರಮ್ಮಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಏರಿತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಹುಟ್ಟಿದಾಗಿನಿಂದ ನುಂಗಿಕೊಂಡು ಬಂದವರು ಅವತ್ತು ಅಗಿದೇ ಅಗಿದರು. ಡ್ರಮ್ಮಿನಲ್ಲಿ ಎಲ್ಲೋ ಟಿಕ್ ಎಂದಿತು. ಎಂಜಲು ಕೈಯಲ್ಲೇ ಎದ್ದು ಸೌದೆ ಎಳೆದು, ಒಲೆಗೆ ಬಿಂದಿಗೆ ನೀರು ಸುರಿದರು.

"ಉಪ್ಪು ಜಾಸ್ತಿ ಆಗ್ಬುಟ್ಟದೆ" ಎಂದರು, ಊಟ ಬಿಟ್ಟು ಎದ್ದದ್ದಕ್ಕೆ ಕಾರಣ ಬೇಕಲ್ಲ.

ನನಗೆ ನಗು ಬಂತು. ದೊಡ್ಡಮ್ಮನತ್ತ ನೋಡಿದೆ, ನಗು ನಿಂತಿತು. ಗಂಡನನ್ನು ಅಲ್ಲಿ ಕೂರಿಸಿ ಅವರು ಆಚೆ ಹೋಗಿರಲಿಲ್ಲ. ಅಷ್ಟು ಹೊತ್ತೂ ಸಾರಿನ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಸೌಟಿನ ಸಾರೆಲ್ಲ ಅವರ ಕಾಲ ಮೇಲೆ ಚೆಲ್ಲಿತ್ತು.