ಹಂಸಾ ಕಂಡುಕೊಂಡ ಗುರುವಾರ

ಚಾಮರಾಜಪೇಟೆಯ ಹಂಸಾ ಮಾಡುವ ಚಟ್ನಿಪುಡಿಗೆ ಮಲ್ಲೇಶ್ವರದಿಂದಲೂ ಜನ ಬರುತ್ತಿದ್ದರು. ಗಂಡ ಕೇದಾರ್‌ಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ. ಬೆಳಗಾದರೆ ಇಷ್ಟಲಿಂಗ ಪೂಜೆ ಮುಗಿಸದೆ ಯಾರೂ ಕಾಫಿ ಮುಟ್ಟದ ಮನೆ. ಆ ಮನೆಯ ಸೊಸೆ ಮೆಣಸಿನಪುಡಿಯ ಡಬ್ಬಗಳ ಹಿಂದೆ ವೋಡ್ಕಾ ಬಾಟಲಿ ಇಟ್ಟಿದ್ದಾಳೆಂದು ಯಾರಿಗೆ ತಾನೆ ಅನುಮಾನ ಬಂದೀತು? ತಾಯಿ ತೀರಿಕೊಂಡ ವರ್ಷ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದವಳಿಗೆ ಗೆಳತಿಯೊಬ್ಬಳು ರುಚಿ ತೋರಿಸಿದ್ದಳು. ಆಮೇಲೆ ಹಂಸಾಳೇ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಗುರುತಿನವರು ಸಿಗದ ಉಪ್ಪಾರಪೇಟೆಗೆ ಆಟೋದಲ್ಲಿ ಹೋಗಿ ತರತೊಡಗಿದಳು.

ಗುಟ್ಟು ರಟ್ಟಾದದ್ದು ಮಗಳು ಐಶ್ವರ್ಯಳ ನಿಶ್ಚಿತಾರ್ಥದ ದಿನ. ಬೀಗರ ಮುಂದೆ ಆರತಿ ತಟ್ಟೆ ಹಿಡಿದು ನಿಂತ ಹಂಸಾ ತಟ್ಟೆ ಸಮೇತ ಕುಸಿದಳು. "ಬಿಪಿ ಕಡಿಮೆ ಆಗಿದೆ" ಎಂದು ಕೇದಾರ್ ಎಲ್ಲರನ್ನೂ ಸಮಾಧಾನ ಮಾಡಿದ. ಆದರೆ ಅವಳನ್ನು ಎತ್ತಿ ಕೂರಿಸಿದ ಅತ್ತೆ ಶೈಲಜಮ್ಮನಿಗೆ ವಾಸನೆ ಬಡಿದಿತ್ತು. ಆಸ್ಪತ್ರೆ ಸೇರಿ, ನಡುಕ ನಿಂತು, ಮನೆಗೆ ಹೊರಡುವಾಗ ಡಾಕ್ಟರು ಹೇಳಿದರು: "ಔಷಧಿ ಇಷ್ಟೇ ಮಾಡೋದು. ಇನ್ಮೇಲೆ ಕುಡಿತ ಬಿಟ್ಟೋರ ಮೀಟಿಂಗ್‌ಗೆ ಹೋಗಿ. ಒಂದು ಹಿಡಿಸ್ಲಿಲ್ಲ ಅಂದ್ರೆ ಇನ್ನೊಂದು ನೋಡಿ. ಬಿಡ್ಬೇಡಿ."

ಮೊದಲನೆಯದು ಉಪ್ಪಾರಪೇಟೆಯಲ್ಲೇ ಇತ್ತು. ಅಲ್ಲಿದ್ದವರೆಲ್ಲ ಗಂಡಸರು, ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟರು. ಆದರೆ ಅಲ್ಲಿಗೆ ಹೋಗಬೇಕಾದರೆ ಅವಳು ಬಾಟಲಿ ಕೊಳ್ಳುತ್ತಿದ್ದ ಅಂಗಡಿಯನ್ನೇ ದಾಟಬೇಕಿತ್ತು. ಹಿಂದಿರುಗುವಾಗ ಅದರ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಹೆದರಿ ಮತ್ತೆ ಆ ಕಡೆ ಹೋಗಲಿಲ್ಲ. ಎರಡನೆಯದರಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಿದರು. ಅರ್ಥವೇನೋ ಆಯಿತು, ಎದೆಯೊಳಗಿದ್ದದ್ದು ಮಾತ್ರ ಆ ಭಾಷೆಯಲ್ಲಿ ಹೊರಡಲಿಲ್ಲ. "ಐ ಆಮ್ ಫೈನ್" ಎಂದು ಹೇಳಿ ಎದ್ದು ಬಂದಳು. ಮೂರನೆಯದರಲ್ಲಿ ಹೆಂಗಸರೇ ತುಂಬಿದ್ದರು. ಹಂಸಾಗೆ ಹೋದ ಜೀವ ಬಂದಂತಾಯಿತು. ಪಕ್ಕದವಳು ಅಕ್ಕರೆಯಿಂದ ಅವಳ ಕೈ ಹಿಡಿದು ಕೇಳಿದಳು: "ನಿಮ್ಮೆಜಮಾನ್ರು ಎಷ್ಟು ವರ್ಷದಿಂದ ಕುಡೀತಾರೆ?"

ಅದು ಕುಡಿಯುವವರ ಮನೆಮಂದಿಯ ಸಭೆಯಾಗಿತ್ತು.

"ಅವ್ರು ಕುಡಿಯಲ್ಲ. ಕುಡಿಯೋಳು ನಾನು" ಎಂದಳು ಹಂಸಾ. ಹಿಡಿದ ಕೈ ಸಡಿಲವಾಯಿತು.

ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. "ನನ್ನಂಥೋರಿಗೆ ಎಲ್ಲೂ ಜಾಗ ಇಲ್ಲ ಅತ್ತೆ."

ನಿಶ್ಚಿತಾರ್ಥದ ದಿನದಿಂದ ಶೈಲಜಮ್ಮ ಸೊಸೆಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು. ಈಗ ಅವರೇ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತರು. "ಇನ್ನೊಂದು ನೋಡಿ ಅಂದಿದ್ರಲ್ಲಮ್ಮ ಡಾಕ್ಟ್ರು. ಹನುಮಂತನಗರದಲ್ಲಿ ಒಂದಿದ್ಯಂತೆ, ಕೇದಾರ್ ಕೈಲಿ ಫೋನ್ ಮಾಡ್ಸಿ ವಿಚಾರಿಸಿದೀನಿ. ಗುರುವಾರ ಸಂಜೆ. ನಾನೂ ಬರ್ತೀನಿ."

ಗುರುವಾರ ಅತ್ತೆ ಅಲ್ಲಿನ ಗುಡ್ಡದ ದೇವಸ್ಥಾನದ ಮೆಟ್ಟಿಲ ಮೇಲೆ ಕೂತರು. ಸೊಸೆ ಹತ್ತಿರದ ಶಿಶುವಿಹಾರದ ಕೋಣೆಗೆ ಹೋದಳು. ಗೋಡೆಯ ಮೇಲೆ ಅ ಆ ಇ ಈ, ನೆಲಕ್ಕೆ ಜಮಖಾನ, ಗಂಡಸರು ಹೆಂಗಸರು ಸೇರಿ ಹತ್ತಾರು ಜನ. ಅವರಲ್ಲಿ ಒಬ್ಬಾಕೆ ತಿಮ್ಮಕ್ಕ. ಕನಕಪುರದ ಕಡೆಯ ಬೇಸಾಯದ ಮನೆತನದವರು, ಈಗ ಇದೇ ಬಡಾವಣೆಯಲ್ಲಿ ಮನೆಗಳನ್ನು ಬಾಡಿಗೆಗೆ ಬಿಟ್ಟಿದ್ದ ಗಟ್ಟಿಗಿತ್ತಿ. ಅವರು ಹೇಳುತ್ತಿದ್ದರು: "ನಾನು ದೇವ್ರ ಮನೇಲೇ ಬಚ್ಚಿಡ್ತಿದ್ದೆ, ತೀರ್ಥದ ಬಟ್ಲಲ್ಲಿ. ಒಂದಿನ ನಮ್ಮನೆಯವ್ರು ಕಣ್ಮುಚ್ಕೊಂಡು ಅದನ್ನೇ ತಗೊಂಡ್ಬಿಟ್ರು. 'ಇವತ್ತು ತೀರ್ಥ ಯಾಕೋ ಖಾರ ಕಣೇ' ಅಂದ್ರು."

ಎಲ್ಲರೂ ನಕ್ಕರು. ಹಂಸಾಳೂ ನಕ್ಕಳು, ಎಷ್ಟೋ ತಿಂಗಳ ಮೇಲೆ. ಅವಳ ಸರದಿ ಬಂದಾಗ ಮಾತು ಸಲೀಸಾಗಿ ಹೊರಟಿತು. "ನನ್ ಹೆಸ್ರು ಹಂಸಾ. ನಾನು ಮೆಣಸಿನಪುಡಿ ಡಬ್ಬದ ಹಿಂದೆ ಇಡ್ತಿದ್ದೆ." ಯಾರೂ ಹುಬ್ಬೇರಿಸಲಿಲ್ಲ. ಯಾರೋ ಅವಳ ಕಡೆ ಕಾಫಿ ಲೋಟ ಸರಿಸಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಮಗಳ ಮದುವೆ ಮುಗಿದು ಮನೆ ಬಿಕೋ ಎನ್ನತೊಡಗಿದಾಗ ಹಂಸಾ ಮತ್ತೆ ಕುಡಿದಳು. ನಾಚಿಕೆಯಿಂದ ಗುರುವಾರ ಹೋಗಲಿಲ್ಲ, ಫೋನೂ ಎತ್ತಲಿಲ್ಲ. ತಿಮ್ಮಕ್ಕ ವಿಳಾಸ ಹುಡುಕಿಕೊಂಡು ಮನೆಗೇ ಬಂದರು. ಹಜಾರದಲ್ಲಿ ನೆಂಟರಿದ್ದರು. ಅವರೆದುರು ಇವರೇನು ಹೇಳಿಬಿಡುತ್ತಾರೋ ಎಂದು ಹಂಸಾ ಹೆದರಿದಳು.

"ಚಟ್ನಿಪುಡಿ ಬೇಕಿತ್ತಮ್ಮ" ಎಂದರು ತಿಮ್ಮಕ್ಕ ನಗುತ್ತ. ಅಡುಗೆಮನೆಗೆ ಬಂದ ಮೇಲೆ ದನಿ ತಗ್ಗಿಸಿದರು. "ನಾನೂ ಜಾರಿದೀನಿ ಕಣವ್ವ, ಒಂದ್ಸಲ ಅಲ್ಲ. ಜಾರಿದ್ದನ್ನ ಮುಚ್ಚಿಟ್ಕೊಂಡು ಕೂತ್ರೆ ಮಾತ್ರ ಮೇಲೇಳೋಕಾಗಲ್ಲ. ಗುರುವಾರ ಬಂದ್ಬಿಡು."

ಹೋದಳು. ಕುಡಿದದ್ದನ್ನು ಎಲ್ಲರೆದುರು ಹೇಳಿದಳು. ಮನೆಗೆ ಬಂದು ಕೇದಾರ್‌ಗೂ ಹೇಳಿದಳು, ಅದು ಇನ್ನೂ ಕಷ್ಟದ ಕೆಲಸವಾಗಿತ್ತು. ಅವನು ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟು, "ನೀನಾಗೇ ಹೇಳಿದ್ಯಲ್ಲ, ಅಷ್ಟು ಸಾಕು" ಎಂದ.

ಅದಾದ ಮೇಲೆ ಕೆಲವು ಯುಗಾದಿಗಳು ಕಳೆದಿವೆ, ಹಂಸಾ ಕುಡಿದಿಲ್ಲ. ತಾನು ಬಿಟ್ಟದ್ದಷ್ಟೇ ಸಾಲದೆಂದು, ಗಂಡಸರ ನಡುವೆ ಬಾಯಿಬಿಡಲಾರದ ಹೆಂಗಸರಿಗಾಗಿ ಅದೇ ಶಿಶುವಿಹಾರದಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಮಂಗಳವಾರ ಮಧ್ಯಾಹ್ನ ಬೇರೆ ಮೀಟಿಂಗ್ ಶುರುಮಾಡಿದಳು. ವಾರಗಟ್ಟಲೆ ಯಾರೂ ಬರಲಿಲ್ಲ. ಹಂಸಾ, ತಿಮ್ಮಕ್ಕ ಇಬ್ಬರೇ ಎದುರುಬದುರು ಕೂತು ಎದ್ದುಬರುತ್ತಿದ್ದರು.

"ನಿಲ್ಲಿಸ್ಬಿಡೋಣ್ವಾ?" ಎಂದು ತಿಮ್ಮಕ್ಕನೇ ಒಮ್ಮೆ ಕೇಳಿದರು.

"ಬೇಡ ತಿಮ್ಮಕ್ಕ. ಯಾರೋ ಒಬ್ಳು ಈಗ್ಲೂ ಎಲ್ಲೋ ಅಲೀತಿರ್ತಾಳೆ. ಅವ್ಳು ಬಂದಾಗ ಬಾಗ್ಲು ಹಾಕಿರಬಾರ್ದು."

ಒಂದು ಮಂಗಳವಾರ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು ತೂಗುಹಾಕಿಕೊಂಡ ಯುವತಿಯೊಬ್ಬಳು ಬಾಗಿಲಲ್ಲಿ ನಿಂತಳು. ನರ್ಸರಿ ಅಡ್ಮಿಷನ್ ವಿಚಾರಿಸಲು ಬಂದೆ ಎಂದಳು. ಅವಳ ಬೆರಳು ನಡುಗುತ್ತಿದ್ದುದನ್ನು ಹಂಸಾ ನೋಡಿದಳು, ಏನೂ ಕೇಳಲಿಲ್ಲ.

"ಅಡ್ಮಿಷನ್‌ನೋರು ಬೆಳಿಗ್ಗೆ ಸಿಗ್ತಾರೆ. ಬಿಸ್ಲಲ್ಲಿ ಬಂದಿದೀರ, ಕಾಫಿ ಕುಡ್ಕೊಂಡು ಹೋಗಿ."

ಯುವತಿ ಕೂತಳು. ಒಂದು ಮಾತೂ ಆಡದೆ ಕೊನೆಯವರೆಗೂ ಕೂತೇ ಇದ್ದಳು. ಮುಂದಿನ ವಾರ ಮತ್ತೆ ಬಂದು ತನ್ನ ಹೆಸರು ಹೇಮಶ್ರೀ ಎಂದಳು. ಈಗ ಮಂಗಳವಾರಕ್ಕೆ ಒಂದು ಜಮಖಾನ ಸಾಲುವುದಿಲ್ಲ, ಇನ್ನೊಂದನ್ನು ತಂದಿದ್ದಾರೆ. ಅದನ್ನು ಹಾಸುವುದು ಹೇಮಶ್ರೀಯೇ.