ಹತ್ತು ನಿಮಿಷ ಕಾಯದ ಅಕ್ಕ

ಜೀವಕೋಶ ಬೆಳೆಸುವ ಕೋಣೆಯ ಕೀಲಿಕೈ ಇಪ್ಪತ್ತೆರಡು ವರ್ಷ, ಪ್ರಯೋಗಾಲಯದವರೆಲ್ಲ ಅಕ್ಕ ಎಂದು ಕರೆಯುವವಳ ಸೊಂಟದಲ್ಲಿತ್ತು. ಸಂಶೋಧನಾ ವಿದ್ಯಾರ್ಥಿಗಳು ಜೀವಕೋಶದ ಬಗ್ಗೆ ಪ್ರೊಫೆಸರರಿಂದ ಕೇಳುತ್ತಿದ್ದರು. ಅದನ್ನು ಕೊಲ್ಲದೆ ಮುಟ್ಟುವುದನ್ನು ಅಕ್ಕನಿಂದ ಕಲಿಯುತ್ತಿದ್ದರು. ತಟ್ಟೆಯ ಕೆಂಪು ದ್ರವ ಹಳದಿಗೆ ತಿರುಗಿತೆಂದರೆ ಆಕೆ, "ಅಯ್ಯೋ, ಹಸಿದಿವೆ ಕಣ್ರೋ, ಊಟ ಹಾಕಿ" ಎಂದು ಗದರುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹುದ್ದೆ 'ಗಾಜು ತೊಳೆಯುವವರು'.

ಆ ವರ್ಷ ಸುತ್ತೋಲೆ ಬಂತು. ತರಬೇತಿಯ ಪ್ರಮಾಣಪತ್ರ ಇಲ್ಲದವರು ಆ ಕೋಣೆಯೊಳಗೆ ಕಾಲಿಡುವಂತಿಲ್ಲ. ಹೀಗಾಗಿ ಅಕ್ಕ, ತಾನೇ ಕಲಿಸುತ್ತಿದ್ದ ಹತ್ತು ದಿನದ ತರಬೇತಿಗೆ ವಿದ್ಯಾರ್ಥಿನಿಯಾಗಿ ಸೇರಿದಳು. ಪರೀಕ್ಷೆಯಲ್ಲಿ ನಪಾಸಾದರೆ ಉಳಿಯುವುದು ಗಾಜು ತೊಳೆಯುವ ತೊಟ್ಟಿಯೊಂದೇ.

"ನಾಳೆ ನನಗೂ ಸೂಜಿಗೆ ದಾರ ಪೋಣಿಸೋ ಪರೀಕ್ಷೆ ಇಡ್ತಾರೆ ಬಿಡು," ಎಂದ ದರ್ಜಿ ಗಂಡ. ಅವಳಿಗೆ ನಗು ಬರಲಿಲ್ಲ.

ಪರೀಕ್ಷೆಯ ಕೆಲಸ ಸಣ್ಣದು. ತಟ್ಟೆಯ ತಳಕ್ಕೆ ಅಂಟಿ ಬೆಳೆದ ಕೋಶಗಳನ್ನು, ಅಂಟು ಕರಗಿಸುವ ಕಿಣ್ವ ಹಾಕಿ ಬಿಡಿಸಿ ಹೊಸ ತಟ್ಟೆಗೆ ಸಾಗಿಸಬೇಕು. 'ಹತ್ತು ನಿಮಿಷ ಕಾಯಿರಿ' ಎಂದಿತ್ತು ಸೂಚನಾ ಹಾಳೆ. ಎಂಟು ವಿದ್ಯಾರ್ಥಿಗಳು ಗಡಿಯಾರ ಒತ್ತಿ ಕೈಕಟ್ಟಿ ನಿಂತರು. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೂರನೆಯ ನಿಮಿಷಕ್ಕೆ ಕೋಶಗಳು ಇಬ್ಬನಿಯಂತೆ ದುಂಡಗಾಗಿ ತಳ ಬಿಟ್ಟವು. ಆಕೆ ಕಿಣ್ವದ ಕೆಲಸ ನಿಲ್ಲಿಸುವ ದ್ರವ ಸುರಿದೇಬಿಟ್ಟಳು.

ಪರೀಕ್ಷಕಿ ಮೇಡಂ ಒಂದು ಕಾಲದಲ್ಲಿ ಅಕ್ಕನ ಶಿಷ್ಯೆ. "ಅಕ್ಕಾ, ಹಾಳೇಲಿ ಹತ್ತು ನಿಮಿಷ ಅಂತಿದೆಯಲ್ಲ!"

"ಇವು ಕೈಬಿಟ್ಟಾಯ್ತು ಮೇಡಂ. ಇನ್ನೂ ಕಾದ್ರೆ ಕಿಣ್ವ ಇವನ್ನೇ ತಿನ್ನುತ್ತೆ."

"ಕ್ರಮ ತಪ್ಪಿದ್ರೆ ನಿಮ್ಮ ಅಂಕ ಹೋಗುತ್ತೆ."

"ಹೋಗ್ಲಿ. ಇವು ಉಳೀಲಿ."

ಸತ್ತ ಕೋಶಗಳಷ್ಟೇ ಹೀರುವ ನೀಲಿ ಬಣ್ಣ ಹಾಕಿ ಎಣಿಸಿದರು. ವಿದ್ಯಾರ್ಥಿಗಳ ಕೋಶಗಳಲ್ಲಿ ಅರ್ಧಕ್ಕರ್ಧ ನೀಲಿ. ಅಕ್ಕನವು ನೂರಕ್ಕೆ ತೊಂಬತ್ತಾರು ಬದುಕಿದ್ದವು. ಆದರೆ ಅಂಕಗಳಿದ್ದದ್ದು ಕ್ರಮ ಪಾಲನೆಗೆ. ಕೊಂದವರೆಲ್ಲ ಪಾಸು, ಉಳಿಸಿದವಳು ಎರಡು ಅಂಕಕ್ಕೆ ನಪಾಸು.

ಮೇಡಂ ಸಹಿಗೆ ಪೆನ್ನೆತ್ತಿ ತಡೆದಳು. "ಈ ಹತ್ತು ನಿಮಿಷ ಬರೆದ ಪುಣ್ಯಾತ್ಮರು ಯಾರೋ!"

"ನೀವೇ ಕಣ್ರೀ. ನೀವು ನನ್ನ ಹತ್ರ ಕಲೀತಿದ್ದಾಗ ಒಂದಿನ ಕಿಣ್ವ ಹಳೇದಾಗಿ ಸತ್ವ ಹೋಗಿತ್ತು. 'ಇವತ್ತು ಹತ್ತು ನಿಮಿಷ ಬೇಕು' ಅಂದೆ. ನೀವು 'ಇವತ್ತು' ಬಿಟ್ಟು ಮಿಕ್ಕಿದ್ದೆಲ್ಲ ಬರ್ಕೊಂಡ್ರಿ."

ಮೇಡಂ ಮುಖ ಕೆಂಪಾಯಿತು. ತಾನು ಕಳೆದಿದ್ದ ಅಂಕಗಳನ್ನು ಸದ್ದಿಲ್ಲದೆ ಮರಳಿಸಿದಳು. "ಹಾಳೇಲಿ ಎಷ್ಟು ಅಂತ ತಿದ್ದಲಿ?"

"ನೋಡಿ ಅಂತ ಬರೀರಿ."

"ಆಫೀಸಿನವರು ಸಂಖ್ಯೆ ಕೇಳ್ತಾರೆ ಅಕ್ಕಾ."

ಹೀಗೆ ಅದು ಮೂರು ನಿಮಿಷವಾಯಿತು. ಪ್ರಮಾಣಪತ್ರ ಕೈಸೇರಿದ ಮೇಲೆ ಹಾಳೆಯ ಕೆಳಗೆ ಅಧಿಕೃತ ತರಬೇತುದಾರಳಾಗಿ ಅಕ್ಕನ ಮೊದಲ ಸಹಿ ಬಿತ್ತು.

ಮುಂದಿನ ತಂಡ ಬಂದದ್ದು ಕೊರೆಯುವ ಚಳಿಯಲ್ಲಿ. ಚಳಿಗೆ ಕಿಣ್ವವೂ ಸೋಮಾರಿ. ಮೂರು ನಿಮಿಷದ ಗಂಟೆ ಹೊಡೆದಾಗ ಕೋಶಗಳು ಇನ್ನೂ ತಳ ಕಚ್ಚಿಕೊಂಡೇ ಇದ್ದವು. ಹುಡುಗಿಯೊಬ್ಬಳು ದ್ರವ ಸುರಿಯಲು ಕೈಯೆತ್ತಿದಳು. "ಮೂರಾಯ್ತು ಅಲ್ವಾ ಅಕ್ಕಾ?"

"ಆಯ್ತಮ್ಮ. ನಾನೇ ಸಹಿ ಹಾಕಿದೀನಿ, ಬೇಡ ಅನ್ನೋ ಹಾಗಿಲ್ಲ," ಎಂದ ಅಕ್ಕ, ಹುಡುಗಿಯ ಮೊಣಕೈ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಸುರಿಯೋಕೆ ಮುಂಚೆ ಒಂದ್ಸಲ ಅವುಗಳ ಮುಖ ನೋಡು."